ದುಡಿಮೆ ಏರಿದರೆ ಬಾಡಿಗೆಯೂ ಏರುತ್ತದೆ: ಅಮೆರಿಕದ ಸಹಾಯಧನದ ಮನೆಗಳಲ್ಲಿ ಯಾರಿಗೆ ಯಾವ ದಾರಿ?

ಅಮೆರಿಕದಲ್ಲಿ ಸೆಕ್ಷನ್ 8 ವೌಚರ್ (ಖಾಸಗಿ ಮನೆಯ ಬಾಡಿಗೆಗೆ ಸರ್ಕಾರದ ನೆರವು) ಹಿಡಿದು ಅಥವಾ ಸರ್ಕಾರಿ ಮನೆಗಳಾದ ಪಬ್ಲಿಕ್ ಹೌಸಿಂಗ್‌ನಲ್ಲಿ ವಾಸವಿರುವ ಕುಟುಂಬದ ಬಾಡಿಗೆ ಒಂದೇ ಮೊತ್ತದಲ್ಲಿ ನಿಲ್ಲುವುದಿಲ್ಲ, ಆದಾಯದ ಜೊತೆ ಏರುತ್ತದೆ, ಇಳಿಯುತ್ತದೆ. ಅನುಮತಿಸಿದ ಕಡಿತಗಳನ್ನೆಲ್ಲ ಕಳೆದು ಉಳಿಯುವ ತಿಂಗಳ ಆದಾಯದಲ್ಲಿ ಶೇ. 30 ಬಾಡಿಗೆಗೆ ಹೋಗುತ್ತದೆ. 1981ರವರೆಗೂ ಇದು ಶೇ. 25 ಇತ್ತು. ಬಡವರ ಬಾಡಿಗೆಗೆ ಮಿತಿ ಹಾಕಬೇಕೆಂದು ಮಾಡಿದ ಈ ನಿಯಮಕ್ಕೆ ಇನ್ನೊಂದು ಮುಖವಿದೆ. ಮನೆಯಾಕೆ ತಿಂಗಳಿಗೆ ನೂರು ಡಾಲರ್ ಹೆಚ್ಚು ದುಡಿದರೆ ಮೂವತ್ತು ಬಾಡಿಗೆಗೆ, ಏಳೂವರೆ ಚಿಲ್ಲರೆ ಸೋಶಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ ತೆರಿಗೆಗೆ ಹೋಗುತ್ತದೆ. ಸ್ನ್ಯಾಪ್ ಆಹಾರ ನೆರವು ಪಡೆಯುತ್ತಿದ್ದರೆ ಅದರಲ್ಲೂ ಇಪ್ಪತ್ತನಾಲ್ಕೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಕಡಿಮೆಯಾಗುತ್ತದೆ. ಕೈಯಲ್ಲಿ ಉಳಿಯುವುದು ನಲವತ್ತಕ್ಕೂ ಕಡಿಮೆ. ಓವರ್‌ಟೈಮ್ ಬೇಡ ಅನ್ನುವವರನ್ನು ಸೋಮಾರಿ ಎಂದು ಬೈಯುವ ಮೊದಲು ಈ ಲೆಕ್ಕ ನೋಡಬೇಕು.

ಇದರಿಂದ ಹೊರಬರಲು ಇರುವ ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು ಅನ್ನುವುದಕ್ಕೆ ಎರಡು ಪ್ರಶ್ನೆಗಳು ಸಾಕು. ದುಡಿಮೆ ಈಗಾಗಲೇ ಏರಿದೆಯೋ, ಇನ್ನು ಏರಬೇಕೋ? ಹೆಚ್ಚುವರಿ ಹಣ ಪ್ರತಿ ತಿಂಗಳೂ ಕೈಗೆ ಬೇಕೋ, ಕೆಲವು ವರ್ಷದ ನಂತರ ಇಡಿಗಂಟಾಗಿ ಬೇಕೋ? ಆದರೆ ಇವುಗಳಿಗೆ ಉತ್ತರ ಹುಡುಕುವ ಮೊದಲು ಮನೆ ಯಾವ ಬಗೆಯದು ಎಂದು ತಿಳಿದುಕೊಳ್ಳಿ, ಏಕೆಂದರೆ ಎಲ್ಲ ದಾರಿಯೂ ಎಲ್ಲ ಮನೆಗೂ ತೆರೆದಿರುವುದಿಲ್ಲ.

ಮೊದಲು ಲೀಸ್ ಕಾಗದ ತೆಗೆದು ನೋಡಿ

ಖಾಸಗಿ ಮಾಲೀಕನ ಮನೆಯಲ್ಲಿದ್ದು, ಬಾಡಿಗೆಯ ಒಂದು ಭಾಗವನ್ನು ಹೌಸಿಂಗ್ ಅಥಾರಿಟಿ (ಊರಿನ ಸರ್ಕಾರಿ ವಸತಿ ಸಂಸ್ಥೆ) ಕಟ್ಟುತ್ತಿದ್ದರೆ ಅದು ವೌಚರ್. ಮನೆಯ ಮಾಲೀಕ ಅಥಾರಿಟಿಯೇ ಆಗಿದ್ದರೆ ಪಬ್ಲಿಕ್ ಹೌಸಿಂಗ್. ಇಡೀ ಕಟ್ಟಡಕ್ಕೇ ಕೇಂದ್ರದ ವಸತಿ ಇಲಾಖೆ ಹಡ್ ಜೊತೆ ಒಪ್ಪಂದವಿದ್ದು, ಕುಟುಂಬ ಮನೆ ಬಿಟ್ಟರೂ ಸಹಾಯಧನ ಆ ಕಟ್ಟಡದಲ್ಲೇ ಉಳಿಯುವುದಾದರೆ ಅದು ಪ್ರಾಜೆಕ್ಟ್ ಆಧಾರಿತ ನೆರವು. ಟ್ಯಾಕ್ಸ್ ಕ್ರೆಡಿಟ್ ಕಟ್ಟಡಗಳ, ಅಂದರೆ ಬಾಡಿಗೆ ಕಡಿಮೆ ಇಡುವ ಷರತ್ತಿನ ಮೇಲೆ ತೆರಿಗೆ ರಿಯಾಯಿತಿ ಪಡೆದು ಕಟ್ಟಿದ ಕಟ್ಟಡಗಳ, ವಿಷಯ ಬೇರೆ. ಅಲ್ಲಿಯ ಬಾಡಿಗೆ ಆ ಪ್ರದೇಶದ ಮಧ್ಯಮ ಆದಾಯದ (ಅರ್ಧ ಕುಟುಂಬಗಳ ಆದಾಯ ಅದಕ್ಕಿಂತ ಹೆಚ್ಚು, ಅರ್ಧದ್ದು ಕಡಿಮೆ ಇರುವ ಮಟ್ಟ) ಮೇಲೆ ನಿಗದಿಯಾಗುತ್ತದೆ, ನಿಮ್ಮ ಸಂಬಳ ಏರಿತೆಂದು ಏರುವುದಿಲ್ಲ. ಕೈಯಲ್ಲಿ ವೌಚರ್ ಇಲ್ಲದೆ ಬರೀ ಟ್ಯಾಕ್ಸ್ ಕ್ರೆಡಿಟ್ ಮನೆಯಲ್ಲಿರುವವರಿಗೆ ಮುಂದಿನ ಹೆಚ್ಚಿನ ಮಾತುಗಳು ಅನ್ವಯಿಸುವುದಿಲ್ಲ. ಅವರ ಹೆಚ್ಚುವರಿ ದುಡಿಮೆ ಹೇಗೂ ಅವರ ಬಳಿಯೇ ಇರುತ್ತದೆ.

ಎಫ್‌ಎಸ್‌ಎಸ್: ಏರಿದ ಬಾಡಿಗೆ ಉಳಿತಾಯವಾಗಿ ಮರಳುವ ಯೋಜನೆ

ಫ್ಯಾಮಿಲಿ ಸೆಲ್ಫ್ ಸಫಿಷಿಯೆನ್ಸಿ ಎಂಬ ಈ ಯೋಜನೆ 1990ರ ವಸತಿ ಕಾಯ್ದೆಯಲ್ಲಿ ಹುಟ್ಟಿದ್ದು. 2018ರ ಕಾಯ್ದೆ ಅದನ್ನು ವಿಸ್ತರಿಸಿತು, ಈಗಿನ ನಿಯಮಗಳು 2022ರ ಜೂನ್‌ನಲ್ಲಿ ಜಾರಿಗೆ ಬಂದವು. ವೌಚರ್, ಪಬ್ಲಿಕ್ ಹೌಸಿಂಗ್ ಎರಡಕ್ಕೂ ಇದೆ. ಪ್ರಾಜೆಕ್ಟ್ ಆಧಾರಿತ ಕಟ್ಟಡದಲ್ಲಿ ಮಾಲೀಕ ಮನಸ್ಸು ಮಾಡಿದರೆ ಉಂಟು.

ಕೆಲಸ ಮಾಡುವ ಬಗೆ ಹೀಗೆ. ಕುಟುಂಬ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕುತ್ತದೆ. ಒಪ್ಪಂದ ಜಾರಿಯಾದ ದಿನ ಮನೆಯ ದುಡಿಮೆ ಎಷ್ಟು, ಬಾಡಿಗೆ ಎಷ್ಟು ಎಂದು ಬರೆದಿಡುತ್ತಾರೆ. ಇದೇ ಬೇಸ್‌ಲೈನ್. ಮುಂದೆ ದುಡಿಮೆ ಏರಿ ಬಾಡಿಗೆ ಏರಿದಾಗ ಕುಟುಂಬ ಹೆಚ್ಚಿದ ಬಾಡಿಗೆಯನ್ನು ಕಟ್ಟಲೇಬೇಕು. ಆದರೆ ಆ ಏರಿಕೆಗೆ ಸರಿಯಾಗಿ ಒಂದು ಮೊತ್ತವನ್ನು ಅಥಾರಿಟಿ ಕುಟುಂಬದ ಹೆಸರಿನ ಎಸ್ಕ್ರೋ ಖಾತೆಗೆ (ಒಪ್ಪಂದ ಪೂರೈಸುವವರೆಗೆ ಅಥಾರಿಟಿಯೇ ಹಿಡಿದಿಡುವ ಉಳಿತಾಯ ಖಾತೆಗೆ) ಪ್ರತಿ ತಿಂಗಳು ಹಾಕುತ್ತದೆ. ಅದಕ್ಕೆ ಬಡ್ಡಿಯೂ ಸೇರುತ್ತದೆ. ಒಪ್ಪಂದ ಪೂರೈಸಿದ ದಿನ ಗಂಟು ಕುಟುಂಬದ ಕೈಗೆ ಬರುತ್ತದೆ. ಹೀಗೇ ಖರ್ಚು ಮಾಡಬೇಕೆಂಬ ಷರತ್ತಿಲ್ಲ, ಸಹಾಯಧನದ ಮನೆ ಬಿಡಬೇಕೆಂಬ ಷರತ್ತೂ ಇಲ್ಲ.

ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿ ನೋಡೋಣ. ಒಬ್ಬ ತಾಯಿ, ಎಂಟು ವರ್ಷದ ಒಂದು ಮಗು. ಸಹಿ ಹಾಕುವಾಗ ವರ್ಷದ ದುಡಿಮೆ 12,000 ಡಾಲರ್. ಮಗುವಿನ ಹೆಸರಿನ ಕಡಿತ 480 ಎಂದಿಟ್ಟುಕೊಳ್ಳಿ (ಹೊಸ ನಿಯಮದಲ್ಲಿ ಈ ಮೊತ್ತ ವರ್ಷವರ್ಷ ಪರಿಷ್ಕರಣೆಯಾಗುತ್ತದೆ). ಉಳಿದ 11,520ನ್ನು ಹನ್ನೆರಡರಿಂದ ಭಾಗಿಸಿದರೆ 960, ಅದರ ಶೇ. 30 ಅಂದರೆ 288. ಇದು ಬೇಸ್‌ಲೈನ್ ಬಾಡಿಗೆ. ಒಂದು ವರ್ಷದ ನಂತರ ವರ್ಷಕ್ಕೆ 24,000 ಡಾಲರ್‌ನ ಕೆಲಸ ಸಿಕ್ಕಿತು, ಜೊತೆಗೆ ಡೇಕೇರ್ ಖರ್ಚು ತಿಂಗಳಿಗೆ 200 ಬಂತು. 24,000ದಿಂದ 480, ಡೇಕೇರ್‌ನ 2,400 ಕಳೆದರೆ 21,120. ತಿಂಗಳಿಗೆ 1,760, ಬಾಡಿಗೆ 528. ಏರಿಕೆ 240.

ಎಸ್ಕ್ರೋಗೆ ಎಷ್ಟು? ಎರಡು ಮೊತ್ತಗಳಲ್ಲಿ ಯಾವುದು ಕಡಿಮೆಯೋ ಅದು. ಒಂದು, ದುಡಿಮೆಯ ತಿಂಗಳ ಏರಿಕೆಯ ಶೇ. 30. ಇಲ್ಲಿ 1,000ಕ್ಕೆ 300. ಇನ್ನೊಂದು, ಬಾಡಿಗೆಯ ಏರಿಕೆ, ಅಂದರೆ 240. ಹಾಗಾಗಿ ತಿಂಗಳಿಗೆ 240. ಉಳಿದ ನಾಲ್ಕು ವರ್ಷ ಹೀಗೇ ನಡೆದರೆ ಬಡ್ಡಿ ಬಿಟ್ಟು 11,520 ಡಾಲರ್.

ಡೇಕೇರ್ ರಸೀದಿ ಕೊಡದಿದ್ದರೆ ಬಾಡಿಗೆ 588 ಆಗುತ್ತಿತ್ತು, ಎಸ್ಕ್ರೋ 300ಕ್ಕೆ ಏರುತ್ತಿತ್ತು. ಅಂದರೆ ಕಡಿತ ಪಡೆದಾಗ ಅರವತ್ತು ಡಾಲರ್ ಇಂದೇ ಕೈಯಲ್ಲಿರುತ್ತದೆ, ಬಿಟ್ಟಾಗ ಅದೇ ಅರವತ್ತು ಮುಂದೆ ಬರುತ್ತದೆ. ಗಂಟು ದೊಡ್ಡದಾಗಲಿ ಎಂದು ರಸೀದಿ ಕೊಡದಿರುವ ಜಾಣತನ ಬೇಡ. ಒಪ್ಪಂದ ನಡುವೆ ಮುರಿದರೆ ಎಸ್ಕ್ರೋ ಕೈ ತಪ್ಪುತ್ತದೆ. ಕೈಯಲ್ಲಿದ್ದದ್ದು ಹೋಗುವುದಿಲ್ಲ. ಹದಿಮೂರು ವರ್ಷದೊಳಗಿನ ಮಕ್ಕಳ ಡೇಕೇರ್ ಖರ್ಚು, ಅದು ಕೆಲಸಕ್ಕೆ ಹೋಗಲು ಬೇಕಾದದ್ದಾಗಿದ್ದು ಬೇರೆ ಯಾರೂ ತುಂಬಿಕೊಡದಿದ್ದರೆ, ಕಡಿತಕ್ಕೆ ಸಲ್ಲುತ್ತದೆ. ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರೂ ಸಹಿ, ದಿನಾಂಕ ಇರುವ ಒಂದು ಚೀಟಿ ಬರೆಸಿಟ್ಟುಕೊಳ್ಳಿ.

*ಯಾವಾಗ ಸೇರಬೇಕು?* ಎಫ್‌ಎಸ್‌ಎಸ್‌ನಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು ಆಗುವುದು ಇಲ್ಲೇ. ಮೇಲಿನ ತಾಯಿ ಹೊಸ ಕೆಲಸಕ್ಕೆ ಸೇರಿ, ಬಾಡಿಗೆ 528 ಆದಮೇಲೆ ಸಹಿ ಹಾಕಿದ್ದರೆ ಬೇಸ್‌ಲೈನ್ 24,000 ಆಗುತ್ತಿತ್ತು. ಅದೇ ಸಂಬಳದಲ್ಲಿ ಐದು ವರ್ಷ ದುಡಿದರೂ ಎಸ್ಕ್ರೋ ಸೊನ್ನೆ. ಹಾಗಾಗಿ ಕೆಲಸ ಹೋದಾಗ, ಹೆರಿಗೆ ರಜೆಯಲ್ಲಿ, ಪಾರ್ಟ್‌ಟೈಮ್ ಇರುವಾಗ, ಅಂದರೆ ದುಡಿಮೆ ತಳದಲ್ಲಿರುವಾಗ ಸೇರುವುದೇ ಲಾಭ. ಆದರೆ ಎರಡು ವರ್ಷದ ನರ್ಸಿಂಗ್ ಕೋರ್ಸ್‌ನ ಮೊದಲ ವಾರ ಸೇರಿದರೆ ಐದರಲ್ಲಿ ಎರಡು ವರ್ಷ ಎಸ್ಕ್ರೋಗೆ ಏನೂ ಬೀಳದೆ ಕಳೆಯುತ್ತದೆ. ಸಕಾರಣವಿದ್ದರೆ ಎರಡು ವರ್ಷದವರೆಗೆ ಮುಂದೂಡಿಕೆ ಸಿಗುತ್ತದೆ, ಆದರೆ ಅದು ಅಥಾರಿಟಿಯ ವಿವೇಚನೆಗೆ ಬಿಟ್ಟದ್ದು. ಕೋರ್ಸ್‌ನ ಕೊನೆಯ ಸೆಮಿಸ್ಟರ್‌ನಲ್ಲಿ ಸೇರುವುದು ಬಹುಪಾಲು ಕುಟುಂಬಗಳಿಗೆ ಒಪ್ಪುವ ಸಮಯ. ಕಾಯುವ ಪಟ್ಟಿ ಇರುವ ಊರುಗಳಲ್ಲಿ ಮಾತ್ರ ಇಷ್ಟು ಲೆಕ್ಕ ಹಾಕುತ್ತ ಕೂರಬೇಡಿ, ಜಾಗ ಸಿಕ್ಕಾಗ ಸೇರಿ.

*ಗುರಿಗಳನ್ನು ಚಿಕ್ಕದಾಗಿ ಬರೆಯಿಸಿ.* ಒಪ್ಪಂದದ ಜೊತೆ ಒಂದು ವೈಯಕ್ತಿಕ ಯೋಜನೆಯನ್ನೂ ಬರೆಯುತ್ತಾರೆ. ಮೊದಲ ಭೇಟಿಯ ಹುಮ್ಮಸ್ಸಿನಲ್ಲಿ ‘ಸ್ವಂತ ಮನೆ ಕೊಳ್ಳುವುದು’, ‘ಪದವಿ ಮುಗಿಸುವುದು’ ಎಂದೆಲ್ಲ ಬರೆಸುವವರೇ ಹೆಚ್ಚು. ಬರೆದದ್ದೆಲ್ಲ ಪೂರೈಸಿದರೆ ಮಾತ್ರ ಗಂಟು ಸಿಗುವುದು ಅನ್ನುವುದು ಐದನೇ ವರ್ಷದಲ್ಲಿ ನೆನಪಾಗುತ್ತದೆ. ಮನೆ ಕೊಳ್ಳುವುದು ಆ ಊರಿನ ಬೆಲೆ, ಬಡ್ಡಿದರಗಳ ಕೈಯಲ್ಲಿದೆ, ನಿಮ್ಮ ಕೈಯಲ್ಲಿಲ್ಲ. ಅದರ ಬದಲು ‘ಮನೆ ಕೊಳ್ಳುವವರ ತರಬೇತಿ ಮುಗಿಸುವುದು’ ಎಂದು ಬರೆಯಿಸಿ. ‘ಕ್ರೆಡಿಟ್ ಸ್ಕೋರ್ 700 ಮುಟ್ಟುವುದು’ ಬೇಡ, ‘ಕ್ರೆಡಿಟ್ ವರದಿಯ ತಪ್ಪುಗಳಿಗೆ ತಕರಾರು ಸಲ್ಲಿಸುವುದು’ ಸಾಕು. ಪ್ರಮಾಣಪತ್ರವೋ ರಸೀದಿಯೋ ತೋರಿಸಿ ಮುಗಿಸಬಹುದಾದ ಗುರಿ ಒಳ್ಳೆಯದು. ಬರೆದಾಗಿಬಿಟ್ಟಿದ್ದರೂ ಇಬ್ಬರ ಒಪ್ಪಿಗೆಯಿಂದ ತಿದ್ದಬಹುದು, ಆದರೆ ತಿದ್ದುಪಡಿಯನ್ನು ಬರಹದಲ್ಲೇ ಮಾಡಿಸಿ. ಯೋಜನೆ ನೋಡಿಕೊಳ್ಳುವ ಅಥಾರಿಟಿಯ ಕೋಆರ್ಡಿನೇಟರ್‌ಗಳು ಬದಲಾಗುತ್ತಲೇ ಇರುತ್ತಾರೆ, ಹಿಂದಿನವರು ಬಾಯಿಮಾತಲ್ಲಿ ಒಪ್ಪಿದ್ದು ಮುಂದಿನವರಿಗೆ ಲೆಕ್ಕಕ್ಕಿಲ್ಲ.

ಎರಡು ಷರತ್ತುಗಳು ಎಲ್ಲ ಒಪ್ಪಂದದಲ್ಲೂ ಇರುತ್ತವೆ. ಒಪ್ಪಂದದಲ್ಲಿ ಕುಟುಂಬದ ಮುಖ್ಯಸ್ಥರೆಂದು ಹೆಸರಿಸಿದವರು ಕೆಲಸ ಹುಡುಕಿ ಅದರಲ್ಲಿ ನಿಲ್ಲಬೇಕು. ಲೀಸ್‌ನಲ್ಲಿ ಯಾರ ಹೆಸರು ಮೊದಲಿದ್ದರೂ ಮನೆಯ ಯಾವ ವಯಸ್ಕರನ್ನಾದರೂ ಹೀಗೆ ಹೆಸರಿಸಬಹುದು, ಆರೋಗ್ಯ ಗಟ್ಟಿಯಿರುವವರನ್ನು ಆರಿಸಿ. ಇನ್ನೊಂದು, ಒಪ್ಪಂದ ಮುಗಿಯುವಾಗ ಮನೆಯಲ್ಲಿ ಯಾರೂ ನಗದು ವೆಲ್ಫೇರ್ (ಬಡ ಕುಟುಂಬಗಳಿಗೆ ಸರ್ಕಾರ ಕೊಡುವ ನಗದು ನೆರವು) ಪಡೆಯುತ್ತಿರಬಾರದು. ಸ್ನ್ಯಾಪ್, ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್, ಬಡ ವೃದ್ಧರಿಗೆ ಮತ್ತು ಅಂಗವಿಕಲರಿಗೆ ಸಿಗುವ ನೆರವಾದ ಎಸ್‌ಎಸ್‌ಐ ಇದರಲ್ಲಿ ಬರುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಹೆದರಿ ಮೆಡಿಕೇಡ್ ಬಿಟ್ಟುಬಿಡುವುದು ಸುಮ್ಮನೆ ಮೈಮೇಲೆ ಎಳೆದುಕೊಳ್ಳುವ ನಷ್ಟ.

ಇನ್ನು ದುಡ್ಡು ಕೈ ತಪ್ಪುವುದು ಎಲ್ಲೆಲ್ಲಿ? ಹೊಸ ಕೆಲಸದ ವಿಷಯ ಅಥಾರಿಟಿಗೆ ತಿಳಿಸದೆ ಮುಚ್ಚಿಟ್ಟರೆ ಹಿಂದಿನ ತಿಂಗಳುಗಳ ಬಾಡಿಗೆ ಬಾಕಿ ಬೀಳುತ್ತದೆ, ಆ ಬಾಕಿಯನ್ನು ಗಂಟಿನಿಂದಲೇ ಮುರಿದುಕೊಳ್ಳುತ್ತಾರೆ. ವಿಷಯ ವಂಚನೆಯ ಆರೋಪದವರೆಗೂ ಹೋಗಬಹುದು. ಏರಿದ ದುಡಿಮೆಯನ್ನು ಮುಂದಿನ ವಾರ್ಷಿಕ ಆದಾಯ ಮರುಪರಿಶೀಲನೆಯವರೆಗೆ, ಅಂದರೆ ರೀಸರ್ಟಿಫಿಕೇಶನ್‌ವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳದ ಅಥಾರಿಟಿಗಳೂ ಇವೆ. ಅಲ್ಲಿ ಅಷ್ಟು ತಿಂಗಳು ಬಾಡಿಗೆಯೂ ಏರುವುದಿಲ್ಲ, ಎಸ್ಕ್ರೋಗೂ ಬೀಳುವುದಿಲ್ಲ. ಇದು ನಷ್ಟವಲ್ಲ, ಹಣ ನಿಮ್ಮ ಬಳಿಯೇ ಇದೆ. ವರ್ಷಕ್ಕೊಮ್ಮೆ ಎಸ್ಕ್ರೋ ವಿವರಪಟ್ಟಿ ಕೊಡಬೇಕೆಂಬುದು ನಿಯಮ. ಬಂದಾಗ ಡ್ರಾಯರ್‌ಗೆ ಹಾಕದೆ, ಬಾಡಿಗೆ ನೋಟಿಸ್ ಪಕ್ಕದಲ್ಲಿಟ್ಟು ಮೇಲಿನ ಲೆಕ್ಕ ನೀವೇ ಹಾಕಿ ನೋಡಿ. ರೀಸರ್ಟಿಫಿಕೇಶನ್ ಆದಮೇಲೆ ಎಸ್ಕ್ರೋ ಅಂಕಿ ಬದಲಿಸುವುದು ಮರೆತುಹೋದದ್ದು ಐದು ವರ್ಷದ ನಂತರ ಗೊತ್ತಾದರೆ ಸರಿಪಡಿಸಲು ಹೆಣಗಬೇಕು, ಎರಡು ತಿಂಗಳಲ್ಲಿ ಗೊತ್ತಾದರೆ ಒಂದು ಇಮೇಲ್ ಸಾಕು.

ನಡುವೆ ಕಾರು ಕೆಟ್ಟರೆ, ಕಾಲೇಜು ಶುಲ್ಕ ಬಂದರೆ ಗಂಟಿನಿಂದ ಸ್ವಲ್ಪ ಮುಂಗಡ ಕೇಳಬಹುದು. ಖರ್ಚು ಒಪ್ಪಂದದ ಗುರಿಗೆ ಸಂಬಂಧಿಸಿದ್ದಾಗಿರಬೇಕು, ಕೊಡುವುದು ಬಿಡುವುದು ಅಥಾರಿಟಿಗೆ ಸೇರಿದ್ದು. ‘ಕಾರಿಲ್ಲದೆ ಕೆಲಸಕ್ಕೆ ಹೋಗಲಾಗುವುದಿಲ್ಲ’ ಎಂಬ ಸಾಲು ಯೋಜನೆಯಲ್ಲಿ ಮೊದಲೇ ಇದ್ದರೆ ಮೆಕ್ಯಾನಿಕ್‌ನ ಅಂದಾಜು ಪಟ್ಟಿ ಲಗತ್ತಿಸಿ ಕೇಳುವುದು ಸುಲಭ.

ಒಪ್ಪಂದ ಪೂರೈಸಲಾಗದಿದ್ದರೆ ಎಸ್ಕ್ರೋ ಹೋಗುತ್ತದೆ, ಮನೆ ಹೋಗುವುದಿಲ್ಲ. ಎಫ್‌ಎಸ್‌ಎಸ್‌ನಲ್ಲಿ ಸೋತ ಕಾರಣಕ್ಕೆ ವೌಚರ್ ಕಿತ್ತುಕೊಳ್ಳುವಂತಿಲ್ಲ. ಮುಖ್ಯಸ್ಥರು ಶಾಶ್ವತ ಅಂಗವೈಕಲ್ಯದಿಂದ ದುಡಿಯಲಾರದಂತಾದರೆ, ಅಥವಾ ಯೋಜನೆಗೆ ಅಗತ್ಯವಾದ ಸೇವೆಯೇ ಸಿಗದಂತಾದರೆ, ಪೂರೈಸದಿದ್ದರೂ ಗಂಟು ಕೊಡಲು 2022ರ ನಿಯಮದಲ್ಲಿ ಅವಕಾಶವಿದೆ. ಈ ದೃಷ್ಟಿಯಿಂದ, ದುಡಿಮೆ ಏರುವ ಸಾಧ್ಯತೆ ಇರುವ ಯಾರಿಗೂ ಸೇರುವುದರಿಂದ ಕಳೆದುಕೊಳ್ಳುವುದೇನಿಲ್ಲ.

ಆದರೂ ಇದನ್ನು ಕೆಲಸ ಕೊಡಿಸುವ ಯೋಜನೆ ಎಂದು ನಂಬಿ ಸೇರಬೇಡಿ. ಏಳು ರಾಜ್ಯಗಳ 18 ಹೌಸಿಂಗ್ ಅಥಾರಿಟಿಗಳಲ್ಲಿ ಎಂಡಿಆರ್‌ಸಿ ಸಂಸ್ಥೆ ಹಡ್‌ಗಾಗಿ ನಡೆಸಿದ ಅಧ್ಯಯನದಲ್ಲಿ, ಸೇರಿದವರ ಸರಾಸರಿ ಸಂಬಳ ಸೇರದವರಿಗಿಂತ ಹೆಚ್ಚಾಗಿರಲಿಲ್ಲ. ಎಫ್‌ಎಸ್‌ಎಸ್ ಉಳಿತಾಯದ ಸಾಧನ. ಸಂಬಳ ಏರಿಸಿಕೊಳ್ಳುವ ದಾರಿಯನ್ನು ಕುಟುಂಬವೇ ಹುಡುಕಬೇಕು, ಏರಿದ್ದು ಕರಗದಂತೆ ಇದು ನೋಡಿಕೊಳ್ಳುತ್ತದೆ.

ಜಾಬ್ಸ್ ಪ್ಲಸ್: ಹಣ ಇಂದೇ ಕೈಗೆ

ಇದು ಪಬ್ಲಿಕ್ ಹೌಸಿಂಗ್‌ಗೆ ಮಾತ್ರ, ಅದೂ ಅನುದಾನ ಸಿಕ್ಕ ಕೆಲವೇ ಬಡಾವಣೆಗಳಿಗೆ. ದುಡಿಮೆ ಏರಿದರೂ ಏರಿದ ಅಷ್ಟನ್ನೂ ಬಾಡಿಗೆ ಲೆಕ್ಕದಿಂದ ಹೊರಗಿಡುತ್ತಾರೆ. ಮೇಲಿನ ತಾಯಿ ಇಲ್ಲಿದ್ದರೆ 24,000 ದುಡಿದರೂ ಬಾಡಿಗೆಯಲ್ಲಿ ಆ ಹೆಚ್ಚಳದ ಭಾರ ಇರುತ್ತಿರಲಿಲ್ಲ. ಎಫ್‌ಎಸ್‌ಎಸ್‌ನಲ್ಲಿ ಖಾತೆ ಸೇರುತ್ತಿದ್ದ 240 ಪ್ರತಿ ತಿಂಗಳು ಅವಳ ಕೈಯಲ್ಲೇ.

ಸಾಲ ತೀರಿಸಬೇಕಾದವರಿಗೆ, ಅದರಲ್ಲೂ ಕ್ರೆಡಿಟ್ ಕಾರ್ಡ್‌ಗೆ ಬಡ್ಡಿ ತೆರುತ್ತಿರುವವರಿಗೆ ಇದು ಎಫ್‌ಎಸ್‌ಎಸ್‌ಗಿಂತ ಮೇಲು. ಎಸ್ಕ್ರೋಗೆ ಸೇರುವ ಅಲ್ಪ ಬಡ್ಡಿಗಿಂತ ತೀರಿದ ಸಾಲದ ಬಡ್ಡಿ ದೊಡ್ಡದು. ಆದರೆ ಕೈಗೆ ಬಂದ ಹಣ ಹಬ್ಬಕ್ಕೆ, ನೆಂಟರಿಗೆ ಎಂದು ಕರಗಿಹೋಗುವ ಮನೆಯಲ್ಲಿ ಕಣ್ಣಿಗೆ ಬೀಳದ ಎಸ್ಕ್ರೋವೇ ಒಳ್ಳೆಯದು. ಎರಡನ್ನೂ ಒಟ್ಟಿಗೆ ಹಿಡಿದು ದುಪ್ಪಟ್ಟು ಲಾಭ ಎಂದುಕೊಳ್ಳಬೇಡಿ, ಬಾಡಿಗೆ ಏರದಿದ್ದರೆ ಎಸ್ಕ್ರೋಗೆ ಬೀಳುವುದಕ್ಕೆ ಏನೂ ಇರುವುದಿಲ್ಲ. ಜಾಬ್ಸ್ ಪ್ಲಸ್‌ಗೆ ಮುಗಿಯುವ ದಿನವೊಂದಿದೆ, ಅಂದು ಬಾಡಿಗೆ ಒಮ್ಮೆಲೇ ಜಿಗಿಯುತ್ತದೆ. ಕೊನೆಯ ಆರು ತಿಂಗಳು ಹೊಸ ಬಾಡಿಗೆಯಷ್ಟನ್ನು ನೀವೇ ಬೇರೆ ತೆಗೆದಿಟ್ಟು ಅಭ್ಯಾಸ ಮಾಡಿಕೊಳ್ಳಿ.

ಹಿಂದೆ ಅರ್ನ್ಡ್ ಇನ್‌ಕಮ್ ಡಿಸಲವೆನ್ಸ್ ಎಂಬ ಇನ್ನೊಂದು ರಿಯಾಯಿತಿ ಇತ್ತು. 2024ರ ಜನವರಿಯಿಂದ ಅದಕ್ಕೆ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಿದ್ದಾರೆ. ಹಳೆಯ ಕರಪತ್ರಗಳಲ್ಲಿ ಕಂಡರೆ ಅದರ ಬೆನ್ನು ಹತ್ತಬೇಡಿ.

ದುಡಿಮೆ ಆಗಲೇ ಏರಿದ್ದರೆ

ಪಬ್ಲಿಕ್ ಹೌಸಿಂಗ್‌ನಲ್ಲಿ ವರ್ಷಕ್ಕೊಮ್ಮೆ ಒಂದು ಆಯ್ಕೆ ಕೊಡುತ್ತಾರೆ: ಆದಾಯದ ಮೇಲಿನ ಬಾಡಿಗೆಯೋ, ಆದಾಯ ನೋಡದೆ ನಿಗದಿ ಮಾಡಿದ ಫ್ಲ್ಯಾಟ್ ರೆಂಟೋ. ಆದಾಯದ ಲೆಕ್ಕದಲ್ಲಿ 850 ಬರುತ್ತಿದ್ದು ಫ್ಲ್ಯಾಟ್ ರೆಂಟ್ 700 ಇದ್ದರೆ ತಿಂಗಳಿಗೆ 150 ಉಳಿತಾಯ. ಆಮೇಲೆ ಸಂಬಳ ಏರಿದರೂ ಬಾಡಿಗೆ ಅದರ ಹಿಂದೆ ಓಡುವುದಿಲ್ಲ. ಕೆಲಸ ಹೋಗಿ ಕಷ್ಟ ಬಂದರೆ ಆದಾಯದ ಲೆಕ್ಕಕ್ಕೆ ಮರಳಲು ಕೇಳಬಹುದು. ಆಯ್ಕೆಯ ಕಾಗದ ಬಂದಾಗ ಓದದೆ ಕಳೆದ ವರ್ಷದ ಚೌಕಕ್ಕೇ ಗುರುತು ಹಾಕಿ ಕಳಿಸಿದರೆ ವರ್ಷಕ್ಕೆ 1,800 ಡಾಲರ್ ಹೋದಹಾಗೆ.

ಮೇಲ್ಮಿತಿಯೂ ಒಂದಿದೆ. ಪಬ್ಲಿಕ್ ಹೌಸಿಂಗ್‌ನಲ್ಲಿ ಆದಾಯ ಪ್ರದೇಶದ ಮಧ್ಯಮ ಆದಾಯದ ಶೇ. 120ನ್ನು ದಾಟಿ 24 ತಿಂಗಳು ಸತತವಾಗಿ ಮೇಲೇ ಉಳಿದರೆ, ಅಥಾರಿಟಿ ತನ್ನ ನೀತಿಯ ಪ್ರಕಾರ ಹೆಚ್ಚಿನ ಬಾಡಿಗೆ ವಿಧಿಸುತ್ತದೆ ಅಥವಾ ಆರು ತಿಂಗಳೊಳಗೆ ಮನೆ ಬಿಡಿಸುತ್ತದೆ.

ವೌಚರ್‌ನವರಿಗೆ ಅಪಾಯ ಇನ್ನೂ ಕೆಳಗೇ ಎದುರಾಗುತ್ತದೆ. ನಿಮ್ಮ ಪಾಲೇ ಪೂರ್ತಿ ಬಾಡಿಗೆಯಷ್ಟಾಗಿ ಅಥಾರಿಟಿ ಕಟ್ಟುವುದು ಸೊನ್ನೆಗೆ ಬಂದರೆ ಅಲ್ಲಿಂದ 180 ದಿನಕ್ಕೆ ನೆರವಿನ ಒಪ್ಪಂದ ತಾನಾಗಿ ಮುಗಿಯುತ್ತದೆ. ಆ ಆರು ತಿಂಗಳಲ್ಲಿ ಮತ್ತೆ ಕೆಲಸ ಕಡಿಮೆಯಾದರೆ ಅಂದೇ ಬರಹದಲ್ಲಿ ತಿಳಿಸಿ. 181ನೇ ದಿನ ತಿಳಿಸಿದರೆ ವೌಚರ್‌ಗಾಗಿ ಮತ್ತೆ ಕಾಯುವ ಪಟ್ಟಿಯ ಬಾಲಕ್ಕೆ ನಿಲ್ಲಬೇಕಾಗಬಹುದು, ಆ ಸಾಲು ಎಷ್ಟೋ ಊರುಗಳಲ್ಲಿ ವರ್ಷಗಟ್ಟಲೆ ಉದ್ದ.

ವೌಚರ್‌ನಿಂದಲೇ ಮನೆ ಕೊಳ್ಳುವುದು

ಕೆಲವು ಅಥಾರಿಟಿಗಳು ವೌಚರ್ ಹಣವನ್ನು ಬಾಡಿಗೆಯ ಬದಲು ಗೃಹಸಾಲದ ಕಂತಿಗೆ ಕೊಡುತ್ತವೆ. ಕುಟುಂಬ ಹಿಂದಿನ ಮೂರು ವರ್ಷ ಸ್ವಂತ ಮನೆ ಹೊಂದಿರಬಾರದು. ಒಬ್ಬರಾದರೂ ವಾರಕ್ಕೆ ಕನಿಷ್ಠ 30 ಗಂಟೆಯಂತೆ ಒಂದು ವರ್ಷ ಸತತ ಕೆಲಸ ಮಾಡಿರಬೇಕು. ಕನಿಷ್ಠ ಆದಾಯ ಕೇಂದ್ರದ ಕನಿಷ್ಠ ವೇತನದ 2,000 ಗಂಟೆಯಷ್ಟು, ಅಂದರೆ 7.25 ಡಾಲರ್ ಲೆಕ್ಕದಲ್ಲಿ 14,500. ವೃದ್ಧರಿಗೆ, ಅಂಗವಿಕಲರಿಗೆ ಕೆಲಸದ ಷರತ್ತಿಲ್ಲ. ಸಾಲ 20 ವರ್ಷ ಅಥವಾ ಹೆಚ್ಚಿನ ಅವಧಿಯದಾದರೆ ನೆರವು 15 ವರ್ಷ, ಇಲ್ಲವಾದರೆ 10. ವೃದ್ಧರು, ಅಂಗವಿಕಲರ ಕುಟುಂಬಕ್ಕೆ ಈ ಮಿತಿಯಿಲ್ಲ.

14,500 ಕಾಗದದ ಮೇಲಿನ ಅರ್ಹತೆ ಅಷ್ಟೇ. ಆ ಆದಾಯಕ್ಕೆ ಸಾಲ ಕೊಡುವ ಬ್ಯಾಂಕ್, ಆ ಸಾಲಕ್ಕೆ ಸಿಗುವ ಮನೆ ಎರಡೂ ಒಂದೇ ಊರಿನಲ್ಲಿ ಇರುವುದು ಅಪರೂಪ. ಮನೆಗೆ ಎರಡು ತಪಾಸಣೆಗಳಿವೆ: ಒಂದು ಅಥಾರಿಟಿಯದು, ಇನ್ನೊಂದು ನೀವು ಹಣ ಕೊಟ್ಟು ಕರೆಸುವ ಸ್ವತಂತ್ರ ತಪಾಸಕರದು. ಎರಡನೆಯವರ ವರದಿಯಲ್ಲಿ ಚಾವಣಿ, ಹೀಟರ್, ಕೊಳವೆ ಇವುಗಳಿಗೆ ಇನ್ನೆಷ್ಟು ವರ್ಷ ಆಯಸ್ಸಿದೆ ಎಂದು ಬರೆಯಿಸಿಕೊಳ್ಳಿ. ಬಾಡಿಗೆ ಮನೆಯಲ್ಲಿ ಹೀಟರ್ ಕೆಟ್ಟರೆ ಮಾಲೀಕನಿಗೆ ಫೋನ್ ಮಾಡಿದರಾಯಿತು, ಸ್ವಂತ ಮನೆಯಲ್ಲಿ ಹಾಗಲ್ಲ. ದುರಸ್ತಿಗೆಂದು ಸ್ವಲ್ಪ ಮೊತ್ತವನ್ನು ನೆರವಿನ ಲೆಕ್ಕದಲ್ಲಿ ಹಿಡಿಯುತ್ತಾರೆ, ಆದರೆ ಜನವರಿಯಲ್ಲಿ ಒಮ್ಮೆಲೇ ಬರುವ ಬಿಲ್ಲಿಗೆ ಅದು ಸಾಲದು. ಹಾಗಾಗಿ ಎಫ್‌ಎಸ್‌ಎಸ್ ಮುಗಿಸಿ, ಗಂಟಿನಲ್ಲಿ ಅರ್ಧ ಮನೆಯ ಡೌನ್ ಪೇಮೆಂಟ್‌ಗೆ, ಅರ್ಧ ಆಪತ್ತಿಗೆ ಎಂದು ಇಟ್ಟುಕೊಂಡೇ ಈ ದಾರಿಗೆ ಇಳಿಯುವುದು ಕ್ಷೇಮ. ಬರೀ ವೌಚರ್ ನಂಬಿ ಕೊಂಡವರು ಸಾಲ ಕಟ್ಟಲಾಗದೆ ಮನೆ ಬಿಟ್ಟರೆ ವೌಚರ್ ಕೂಡ ಹೋಗಬಹುದು.

ಎಸ್‌ಎಸ್‌ಐ ಇರುವ ಮನೆ

ಎಸ್‌ಎಸ್‌ಐ ಅಥವಾ ಪಿಂಚಣಿ ಮಾತ್ರ ಆಧಾರವಾಗಿರುವ ಮನೆಯಲ್ಲಿ ದುಡಿಮೆ ಏರುವುದಿಲ್ಲ, ಎಸ್ಕ್ರೋ ತುಂಬುವುದೂ ಇಲ್ಲ. ಆದರೆ ಜೊತೆಯಲ್ಲಿರುವ ಮಗನೋ ಮಗಳೋ ಪೂರ್ಣಾವಧಿ ಕೆಲಸಕ್ಕೆ ಸೇರುವುದಿದ್ದರೆ ಅವರ ದುಡಿಮೆಯೂ ಎಸ್ಕ್ರೋ ಲೆಕ್ಕಕ್ಕೆ ಬರುತ್ತದೆ. ಎಸ್‌ಎಸ್‌ಐ ಪಡೆಯುವವರ ಹೆಸರಿನಲ್ಲಿ 2,000 ಡಾಲರ್‌ಗಿಂತ ಹೆಚ್ಚು ಉಳಿತಾಯವಿದ್ದರೆ ಎಸ್‌ಎಸ್‌ಐ ನಿಲ್ಲುತ್ತದೆ, ದಂಪತಿಗೆ ಈ ಮಿತಿ 3,000. ಅಂಥವರು ಅಂಗವೈಕಲ್ಯದವರಿಗಿರುವ ಏಬಲ್ ಖಾತೆ ತೆರೆಯಬೇಕು. ಅದರಲ್ಲಿ ಒಂದು ಲಕ್ಷ ಡಾಲರ್‌ವರೆಗೆ ಇದ್ದರೂ ಎಸ್‌ಎಸ್‌ಐ ಲೆಕ್ಕಕ್ಕೆ ಬರುವುದಿಲ್ಲ. ಅಂಗವೈಕಲ್ಯ 26 ವರ್ಷಕ್ಕೆ ಮೊದಲು ಶುರುವಾಗಿರಬೇಕು ಎಂಬ ಮಿತಿ 2026ರ ಜನವರಿಯಿಂದ 46ಕ್ಕೆ ಏರಿದೆ, ಹಿಂದೆ ಇಲ್ಲ ಅನ್ನಿಸಿಕೊಂಡವರು ಮತ್ತೆ ಕೇಳಬಹುದು.

ಕೋಆರ್ಡಿನೇಟರ್‌ ಮುಂದೆ ಕೂತಾಗ

ಹೋಗುವಾಗ ಕೊನೆಯ ಬಾಡಿಗೆ ನೋಟಿಸ್, ಎರಡು ತಿಂಗಳ ಸಂಬಳದ ಚೀಟಿ, ಡೇಕೇರ್ ರಸೀದಿ ಹಿಡಿದುಕೊಂಡು ಹೋಗಿ. ಕೇಳಬೇಕಾದ್ದು: ಇಂದು ಸಹಿ ಹಾಕಿದರೆ ನನ್ನ ಬೇಸ್‌ಲೈನ್ ದುಡಿಮೆ, ಬೇಸ್‌ಲೈನ್ ಬಾಡಿಗೆ ಎಷ್ಟೆಂದು ಬರೆಯುತ್ತೀರಿ? ಒಪ್ಪಂದ ಯಾವ ತಾರೀಕಿನಿಂದ ಜಾರಿ? ನಡುವರ್ಷ ಸಂಬಳ ಏರಿದರೆ ಬಾಡಿಗೆ ಅಂದೇ ಬದಲಾಗುತ್ತದೋ, ವಾರ್ಷಿಕ ರೀಸರ್ಟಿಫಿಕೇಶನ್‌ನಲ್ಲೋ? ಮುಂಗಡ ಯಾವುದಕ್ಕೆಲ್ಲ ಕೊಡುತ್ತೀರಿ? ಮುಂದಿನ ತಿಂಗಳು ಹೊಸ ಕೆಲಸ ಶುರುವಾಗುವುದಿದ್ದರೆ ಅದನ್ನು ಮುಚ್ಚಿಡದೆ ಹೇಳಿ, ಅದಕ್ಕೆ ಮೊದಲೇ ಒಪ್ಪಂದ ಜಾರಿಯಾಗುವಂತೆ ತಾರೀಕು ಹಾಕಲು ಸಾಧ್ಯವೇ ಎಂದು ಕೇಳಿ. ಮೇಲಿನ ಲೆಕ್ಕದ ತಾಯಿಗೆ ಆ ಒಂದು ತಾರೀಕಿನ ಬೆಲೆ 11,520 ಡಾಲರ್.